ನೋವು ಬರಿಸಿದರೂ ಹೆರಿಗೆಯಾಗದೇಕೆ?

ದಿನ ತುಂಬುತ್ತ ಬಂದ ಚೊಚ್ಚಲ ಗರ್ಭಿಣಿಯೊಬ್ಬಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಆಕೆಯ ರಕ್ತದ ಒತ್ತಡ ಏರಿದೆ. ಇನ್ನೂ ಕಾಯುವುದು ತಾಯಿಗೂ ಕೂಸಿಗೂ ಕ್ಷೇಮಕರವಲ್ಲವೆಂದು ವೈದ್ಯರು ನೋವು ಬರಿಸುವ ಔಷಧವನ್ನು ಕೊಟ್ಟಿದ್ದಾರೆ. ಬೆಳಗು ಕಳೆದು ಸಂಜೆಯಾಯಿತು, ರಾತ್ರಿಯೂ ಕಳೆಯಿತು. ಹೊರಗೆ ಪಡಸಾಲೆಯಲ್ಲಿ ಕುಳಿತ ಮನೆಯವರು ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತಿ ನೋಡುತ್ತಾರೆ. ಕೊನೆಗೆ ವೈದ್ಯರು ಹೊರಬಂದು, “ಔಷಧ ಫಲಿಸಲಿಲ್ಲ, ಶಸ್ತ್ರಕ್ರಿಯೆ ಮಾಡಬೇಕಾಗಿದೆ” ಎನ್ನುತ್ತಾರೆ.

ಆ ಕ್ಷಣದಿಂದ ಮಾತು ಹಲವು ಬಗೆಯಾಗಿ ಹೊರಡುತ್ತದೆ. ಔಷಧವೇ ಸರಿಯಿರಲಿಲ್ಲವೆಂದು ಒಬ್ಬರು. ವೈದ್ಯರಿಗೆ ಅವಸರವಾಯಿತೆಂದು ಇನ್ನೊಬ್ಬರು. ಈಗಿನ ಹುಡುಗಿಯರಿಗೆ ಕಸುವೆಲ್ಲಿದೆ ಎಂದು ಮತ್ತೊಬ್ಬರು. ಈ ಕೊನೆಯ ಮಾತು ತಾಯಿಯ ಕಿವಿಗೆ ಬಿದ್ದು, ಮಗು ಕ್ಷೇಮವಾಗಿ ಹುಟ್ಟಿದ ಮೇಲೂ ಬಹುಕಾಲ ಆಕೆಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯುವುದುಂಟು. ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ತಿಳಿಯಬೇಕಾದರೆ, ಹೆರಿಗೆಯೆಂಬ ಕಾರ್ಯವು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಎರಡು ಕೆಲಸ, ಒಂದು ಅಂಗ

ಗರ್ಭಕೋಶದ ಆಕಾರವನ್ನು ತಲೆಕೆಳಗಾಗಿ ತೂಗುಹಾಕಿದ ಸೋರೆಬುರುಡೆಗೆ ಹೋಲಿಸಬಹುದು. ಅಗಲವಾದ ಮೇಲಿನ ಭಾಗ ಬಹುಮಟ್ಟಿಗೆ ಸ್ನಾಯುವಿನಿಂದ ಆದುದು. ಕೆಳಗಿನ ಕಿರಿದಾದ ಕೊರಳೇ ಗರ್ಭಕಂಠ. ಹೆರಿಗೆಯೆಂದರೆ ಸ್ನಾಯು ಹಿಂಡಿ ಶಿಶುವನ್ನು ಹೊರದೂಡುವುದು ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಒಂಬತ್ತು ತಿಂಗಳ ಕಾಲ ಈ ಎರಡು ಭಾಗಗಳೂ ಅದಕ್ಕೆ ತದ್ವಿರುದ್ಧವಾದ ಕೆಲಸವನ್ನೇ ಮಾಡುತ್ತಿರುತ್ತವೆ: ಮೇಲಿನ ಸ್ನಾಯು ಸುಮ್ಮನಿದ್ದು ಶಿಶುವಿಗೆ ಎಡೆ ಕೊಡುತ್ತದೆ, ಕೆಳಗಿನ ಕಂಠ ಬಿಗಿಯಾಗಿ ಮುಚ್ಚಿಕೊಂಡು ಶಿಶು ಕಾಲಕ್ಕೆ ಮುನ್ನ ಜಾರದಂತೆ ಕಾಯುತ್ತದೆ. ಹೆರಿಗೆಯ ಹೊತ್ತಿಗೆ ಇವೆರಡೂ ತಮ್ಮ ಸ್ವಭಾವವನ್ನು ಬದಲಿಸಿಕೊಳ್ಳಬೇಕು. ಸುಮ್ಮನಿದ್ದುದು ದುಡಿಯಬೇಕು, ಬಿಗಿದಿದ್ದುದು ಸಡಿಲಬೇಕು.

ಗರ್ಭಕಂಠದಲ್ಲಿ ಸ್ನಾಯುವಿನ ಅಂಶ ಬಹು ಕಡಿಮೆ. ಅದರ ಹೆಚ್ಚಿನ ಭಾಗ ಕೊಲಾಜೆನ್ ಎಂಬ ಗಟ್ಟಿಯಾದ ನಾರುಪದಾರ್ಥ. ಹೊಸೆದ ಹುರಿಯಲ್ಲಿ ಎಳೆಗಳು ಒತ್ತಾಗಿ ಹೆಣೆದುಕೊಂಡಿರುವಂತೆ ಇಲ್ಲಿ ಕೊಲಾಜೆನ್ನಿನ ಕಟ್ಟುಗಳು ಹೆಣೆದುಕೊಂಡಿರುತ್ತವೆ. ಹುರಿಗೆ “ಸಡಿಲು” ಎಂದು ಅಪ್ಪಣೆ ಮಾಡಿದರೆ ಅದು ಸಡಿಲುವುದುಂಟೆ? ಎಳೆಗಳು ಒಂದೊಂದಾಗಿ ಬಿಚ್ಚಬೇಕು. ಗರ್ಭದ ಕೊನೆಯ ವಾರಗಳಲ್ಲಿ ನಡೆಯುವುದು ಇದೇ. ಕೊಲಾಜೆನ್ನಿನ ಕಟ್ಟುಗಳು ಚದರುತ್ತವೆ. ಅವುಗಳ ನಡುವೆ ನೀರನ್ನು ಹಿಡಿದಿಡುವ ಪದಾರ್ಥಗಳು ಹೆಚ್ಚುತ್ತವೆ. ರಕ್ತದ ಬಿಳಿಯ ಕಣಗಳು ಅಲ್ಲಿಗೆ ಬಂದು ನಾರನ್ನು ಕರಗಿಸುವ ಕಿಣ್ವಗಳನ್ನು ಸುರಿಸುತ್ತವೆ. ಮೂಗಿನ ತುದಿಯಂತೆ ಗಡುಸಾಗಿದ್ದ ಕಂಠವು ತುಟಿಯಂತೆ ಮೆತ್ತಗಾಗುತ್ತದೆ. ಉದ್ದವಾಗಿದ್ದುದು ಮೊಟಕಾಗಿ, ತೆಳುವಾಗಿ, ಕೊನೆಗೆ ಬಾಯಿ ತೆರೆಯಲು ಅಣಿಯಾಗುತ್ತದೆ. ಇದನ್ನೇ ಗರ್ಭಕಂಠವು ಹದಗೊಳ್ಳುವುದು ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ಕೆಲಸವೆಲ್ಲವೂ ಸದ್ದಿಲ್ಲದೆ ನಡೆಯುವಂಥದು. ತಾನಾಗಿ ನೋವು ಆರಂಭವಾದ ಹೆಂಗಸು ಆಸ್ಪತ್ರೆಗೆ ಬರುವ ಹೊತ್ತಿಗೆ ವಾರಗಟ್ಟಲೆಯ ಸಿದ್ಧತೆ ಮುಗಿದುಹೋಗಿರುತ್ತದೆ. ಆಕೆ ಅಡುಗೆ ಮಾಡುವಾಗ, ನಿದ್ರಿಸುವಾಗ ಅದು ನಡೆದಿರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ನೋವು ಬರಿಸುವಾಗ ಲೆಕ್ಕ ಆರಂಭವಾಗುವುದು ಔಷಧ ಕೊಟ್ಟ ಗಳಿಗೆಯಿಂದ. ಪ್ರಕೃತಿಯು ವಾರಗಳಲ್ಲಿ ಮಾಡುವ ಕೆಲಸವನ್ನು ನಾವು ಒಂದೆರಡು ದಿನಗಳಲ್ಲಿ ಮಾಡಿಮುಗಿಸಬೇಕೆನ್ನುತ್ತೇವೆ. ಸೋಲಿನ ಮೂಲ ಹೆಚ್ಚಿನ ಪಾಲು ಇಲ್ಲಿಯೇ ಇದೆ.

ಕೂಗುವ ದನಿ, ಕೇಳುವ ಕಿವಿ

ನೋವು ಬರಿಸುವ ಔಷಧಗಳಲ್ಲಿ ಹೆಸರುವಾಸಿಯಾದುದು ಆಕ್ಸಿಟೋಸಿನ್. ಇದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಬರುವ ಹಾರ್ಮೋನು. 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಎಂಬ ವಿಜ್ಞಾನಿಯು ಈ ಗ್ರಂಥಿಯ ಸಾರವು ಬೆಕ್ಕಿನ ಗರ್ಭಕೋಶವನ್ನು ಹಿಂಡುವಂತೆ ಮಾಡುವುದನ್ನು ಕಂಡನು. ಮೂರು ವರ್ಷಗಳಲ್ಲಿಯೇ, 1909ರಲ್ಲಿ, ಬ್ಲೇರ್ ಬೆಲ್ ಎಂಬ ವೈದ್ಯನು ಅದನ್ನು ಹೆರಿಗೆಯ ಚಿಕಿತ್ಸೆಗೆ ತಂದನು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಈ ಹಾರ್ಮೋನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, 1955ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದನು. ಕೇವಲ ಒಂಬತ್ತು ಅಮೈನೋ ಆಮ್ಲಗಳ ಸಣ್ಣ ಸರಪಣಿಯಿದು. ಇಂದು ಇದನ್ನು ಶುದ್ಧರೂಪದಲ್ಲಿ, ಗೊತ್ತಾದ ಪ್ರಮಾಣದಲ್ಲಿ, ರಕ್ತನಾಳಕ್ಕೆ ಹನಿಹನಿಯಾಗಿ ಕೊಡುತ್ತಾರೆ.

ಇಷ್ಟು ಪ್ರಬಲವಾದ ಔಷಧವಿದ್ದೂ ಕೆಲವರಲ್ಲಿ ನೋವು ಬಾರದೇಕೆ? ಔಷಧವು ಸ್ನಾಯುವಿನ ಜೀವಕೋಶಕ್ಕೆ ಕೊಡುವ ಒಂದು ಕರೆ. ಆ ಕರೆಯನ್ನು ಕೇಳಲು ಜೀವಕೋಶದ ಹೊರಪೊರೆಯಲ್ಲಿ ಗ್ರಾಹಕಗಳೆಂಬ ವಿಶೇಷ ಅಣುಗಳಿರಬೇಕು. ಗರ್ಭದ ಮೊದಲ ತಿಂಗಳುಗಳಲ್ಲಿ ಇಂತಹ ಗ್ರಾಹಕಗಳು ಬಹು ವಿರಳ. ದಿನ ತುಂಬುತ್ತ ಬಂದಂತೆ ಅವು ಅನೇಕ ಪಟ್ಟು ಹೆಚ್ಚುತ್ತವೆ. ಆದುದರಿಂದ ಅದೇ ಪ್ರಮಾಣದ ಆಕ್ಸಿಟೋಸಿನ್ ಒಬ್ಬಳಲ್ಲಿ ಬಲವಾದ ಬೇನೆಯನ್ನು ತರಬಹುದು, ಇನ್ನೊಬ್ಬಳಲ್ಲಿ ಸಣ್ಣ ಕಸಿವಿಸಿಯನ್ನು ಮಾತ್ರ ತರಬಹುದು. ಕೂಗುವವನ ದನಿ ಎಷ್ಟು ದೊಡ್ಡದಾದರೇನು, ಕೇಳುವ ಕಿವಿ ಇರಬೇಕಲ್ಲವೆ? ಅಷ್ಟೇ ಅಲ್ಲ, ಬಹಳ ಹೊತ್ತು ಎಡೆಬಿಡದೆ ಕೂಗುತ್ತಲೇ ಇದ್ದರೆ ಕಿವಿಯೂ ಮಂದವಾಗುತ್ತದೆ. ಆಕ್ಸಿಟೋಸಿನ್ನನ್ನು ದೀರ್ಘಕಾಲ ಹರಿಸಿದಾಗ ಗ್ರಾಹಕಗಳು ಕುಂದಿ, ಸ್ನಾಯುವಿನ ಸ್ಪಂದನ ತಗ್ಗುತ್ತದೆ.

ಕರೆ ಕೇಳಿದರಷ್ಟೇ ಸಾಲದು, ಎಲ್ಲ ಜೀವಕೋಶಗಳೂ ಒಟ್ಟಿಗೆ ಓಗೊಡಬೇಕು. ತೇರನ್ನೆಳೆಯುವ ಜನರು ಒಬ್ಬೊಬ್ಬರು ಒಂದೊಂದು ಗಳಿಗೆಯಲ್ಲಿ ಹಗ್ಗ ಜಗ್ಗಿದರೆ ತೇರು ಮಿಸುಕುವುದಿಲ್ಲ; ಎಲ್ಲರೂ ಒಂದೇ ಉಸಿರಿನಲ್ಲಿ ಜಗ್ಗಿದಾಗ ಮುಂದೆ ಸಾಗುತ್ತದೆ. ಹೆರಿಗೆ ಹತ್ತಿರವಾದಂತೆ ಗರ್ಭಕೋಶದ ಸ್ನಾಯುಕೋಶಗಳ ನಡುವೆ ಅತಿ ಸೂಕ್ಷ್ಮವಾದ ಕಂಡಿಗಳು ಏರ್ಪಡುತ್ತವೆ. ಅವುಗಳ ಮೂಲಕ ವಿದ್ಯುತ್ ಸಂಕೇತವು ಕೋಶದಿಂದ ಕೋಶಕ್ಕೆ ಹರಿದು, ಇಡೀ ಗರ್ಭಕೋಶ ಏಕಕಾಲದಲ್ಲಿ ಹಿಂಡುತ್ತದೆ. ಈ ಕಂಡಿಗಳು ಇನ್ನೂ ಏರ್ಪಡದಿದ್ದರೆ ಅಲ್ಲೊಂದು ಇಲ್ಲೊಂದು ಭಾಗ ಬಿಗಿದು ಸಡಿಲುವುದು. ತಾಯಿಗೆ ನೋವಿನ ಅನುಭವವಾಗುವುದು. ಹೆರಿಗೆ ಮಾತ್ರ ಮುಂದುವರಿಯದು.

ಹದವನ್ನು ಅಳೆಯುವ ಬಗೆ

ಮಳೆ ಬಿದ್ದು ನೆಲ ಹದವಾಗುವ ಮುನ್ನ ಬಿತ್ತಿದ ಬೀಜ ಮೊಳೆಯುವುದಿಲ್ಲವೆಂಬುದನ್ನು ನಮ್ಮ ರೈತರು ಬಲ್ಲರು. ಹಿಡಿ ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ ಅವರು ಹದವನ್ನು ಹೇಳುತ್ತಾರೆ. ಗರ್ಭಕಂಠದ ಹದವನ್ನು ಹೀಗೆಯೇ ಬೆರಳಿನ ಸ್ಪರ್ಶದಿಂದ ತಿಳಿದು, ಅದನ್ನು ಅಂಕಗಳಲ್ಲಿ ಹೇಳುವ ಕ್ರಮವನ್ನು 1964ರಲ್ಲಿ ಅಮೆರಿಕದ ಪ್ರಸೂತಿತಜ್ಞ ಎಡ್ವರ್ಡ್ ಬಿಷಪ್ ಪ್ರಕಟಿಸಿದನು. ಆತನು ಐದು ಸಂಗತಿಗಳನ್ನು ಆರಿಸಿಕೊಂಡನು: ಕಂಠದ ಬಾಯಿ ಎಷ್ಟು ತೆರೆದಿದೆ, ಕಂಠ ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಾಗಿದೆ, ಹಿಂದಕ್ಕೆ ತಿರುಗಿದೆಯೋ ಮುಂದಕ್ಕೆ ಬಂದಿದೆಯೋ, ಮತ್ತು ಶಿಶುವಿನ ತಲೆ ಸೊಂಟದ ಎಲುಬಿನ ಗೂಡಿನೊಳಕ್ಕೆ ಎಷ್ಟು ಇಳಿದಿದೆ. ಮೊದಲ ಎರಡಕ್ಕೂ ಕೊನೆಯದಕ್ಕೂ ತಲಾ 3 ಅಂಕ, ಉಳಿದೆರಡಕ್ಕೆ ತಲಾ 2 ಅಂಕ, ಒಟ್ಟು 13.

ಅಂಕವು 8ನ್ನು ಮೀರಿದ್ದರೆ, ಬರಿಸಿದ ನೋವಿನಿಂದ ಸಹಜ ಹೆರಿಗೆಯಾಗುವ ಸಂಭವವು ತಾನಾಗಿ ಬಂದ ನೋವಿನಷ್ಟೇ ಇರುತ್ತದೆ. 6 ಅಥವಾ ಅದಕ್ಕಿಂತ ಕಡಿಮೆಯಾದರೆ ಕಂಠ ಹದಗೊಂಡಿಲ್ಲವೆಂದು ಅರ್ಥ. ಅರ್ಧ ಶತಮಾನಕ್ಕೂ ಮೀರಿ ಈ ಸರಳವಾದ ಪಟ್ಟಿಯೇ ಪ್ರಪಂಚದಾದ್ಯಂತ ಪ್ರಸೂತಿಗೃಹಗಳಲ್ಲಿ ಬಳಕೆಯಲ್ಲಿದೆ.

ಈಗ ಒಂದು ವಿಪರ್ಯಾಸವನ್ನು ನೋಡಿ. ನೋವು ಬರಿಸುವ ಅಗತ್ಯ ಯಾರಿಗೆ ಬಲವಾಗಿರುತ್ತದೆ? ಗರ್ಭಕಾಲದಲ್ಲಿ ರಕ್ತದ ಒತ್ತಡವೇರಿ ಮೂತ್ರಪಿಂಡ, ಯಕೃತ್ತು, ಮಿದುಳುಗಳಿಗೆ ಅಪಾಯ ತರುವ ಗರ್ಭನಂಜು ತಗುಲಿದವರಿಗೆ. ಈ ರೋಗದ ಮೂಲ ಮಾಸಿನಲ್ಲಿದೆ. ಮಾಸು ಹೊರಬೀಳುವವರೆಗೆ, ಎಂದರೆ ಹೆರಿಗೆಯಾಗುವವರೆಗೆ, ಅದಕ್ಕೆ ನಿಜವಾದ ಪರಿಹಾರವಿಲ್ಲ. ಇದು ಚೊಚ್ಚಲ ಗರ್ಭಿಣಿಯರಲ್ಲಿಯೇ ಹೆಚ್ಚು. ಎಷ್ಟೋ ವೇಳೆ ದಿನ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ. ಚೊಚ್ಚಲು, ದಿನ ತುಂಬದಿರುವುದು – ಈ ಎರಡೂ ಗರ್ಭಕಂಠ ಹದಗೊಂಡಿರದ ಲಕ್ಷಣಗಳೇ. ಹೀಗಾಗಿ, ಹೆರಿಗೆ ಬೇಗನೆ ಆಗಲೇಬೇಕಾದವಳ ದೇಹವೇ ಅದಕ್ಕೆ ಅತಿ ಕಡಿಮೆ ಸಿದ್ಧವಾಗಿರುತ್ತದೆ. ಮೊದಲೊಮ್ಮೆ ಹೆತ್ತವಳಲ್ಲಿ ಕಂಠವು ಬೇಗ ಸಡಿಲುತ್ತದೆ. ಆಕೆಯಲ್ಲಿ ನೋವು ಬರಿಸುವುದು ಅಷ್ಟೇ ಸುಲಭ. ತಾಯಿಯ ವಯಸ್ಸು, ದೇಹದ ಸ್ಥೂಲತೆ, ಶಿಶುವಿನ ಗಾತ್ರ ಇವೂ ಫಲವನ್ನು ಹೆಚ್ಚುಕಡಿಮೆ ಮಾಡುತ್ತವೆ. ಇವುಗಳಲ್ಲಿ ಯಾವುದೂ ತಾಯಿಯ ಧೈರ್ಯಕ್ಕಾಗಲಿ ಕಸುವಿಗಾಗಲಿ ಸಂಬಂಧಿಸಿದುದಲ್ಲ.

ಹದಗೊಳಿಸುವ ಉಪಾಯಗಳು

ಹದವಾಗದ ಕಂಠವನ್ನು ಮೊದಲು ಹದಗೊಳಿಸಿ, ಆಮೇಲೆ ನೋವು ಬರಿಸುವುದು ಇಂದಿನ ಕ್ರಮ. ಇದಕ್ಕೆ ಎರಡು ದಾರಿಗಳುಂಟು.

ಮೊದಲನೆಯದು ರಾಸಾಯನಿಕ. 1935ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ವೀರ್ಯದ್ರವದಲ್ಲಿದ್ದ ಒಂದು ಪದಾರ್ಥಕ್ಕೆ, ಅದು ಪ್ರಾಸ್ಟೇಟ್ ಗ್ರಂಥಿಯಿಂದ ಬಂದುದೆಂದು ಭಾವಿಸಿ, ಪ್ರಾಸ್ಟಗ್ಲಾಂಡಿನ್ ಎಂದು ಹೆಸರಿಟ್ಟನು. ಈ ಬಗೆಯ ಪದಾರ್ಥಗಳು ದೇಹದ ಬಹುತೇಕ ಎಲ್ಲ ಅಂಗಗಳಲ್ಲಿಯೂ ಹುಟ್ಟುತ್ತವೆಂದು ಮುಂದೆ ತಿಳಿದುಬಂದಿತು. 1968ರಲ್ಲಿ ಉಗಾಂಡದಲ್ಲಿ ಕೆಲಸಮಾಡುತ್ತಿದ್ದ ಸುಲ್ತಾನ್ ಕರೀಮ್ ಇದರಿಂದ ನೋವು ಬರಿಸಬಹುದೆಂದು ತೋರಿಸಿದನು. ಪ್ರಾಸ್ಟಗ್ಲಾಂಡಿನ್ನುಗಳ ವೈಶಿಷ್ಟ್ಯವೆಂದರೆ ಅವು ಸ್ನಾಯುವನ್ನು ಹಿಂಡಿಸುವುದರ ಜೊತೆಗೆ ಕಂಠದ ನಾರನ್ನೂ ಸಡಿಲಿಸುತ್ತವೆ. ಜಠರದ ಹುಣ್ಣಿಗೆಂದು ತಯಾರಾದ ಮಿಸೊಪ್ರೊಸ್ಟಾಲ್ ಎಂಬ ಇದೇ ಬಗೆಯ ಅಗ್ಗದ ಮಾತ್ರೆಯು ಇಂದು ಪ್ರಸೂತಿಶಾಸ್ತ್ರದಲ್ಲಿ ಮುಖ್ಯ ಸ್ಥಾನವನ್ನು ಪಡೆದಿದೆ.

ಎರಡನೆಯ ದಾರಿ ಯಾಂತ್ರಿಕ. ಮೂತ್ರ ತೆಗೆಯಲು ಬಳಸುವ ಫೋಲಿ ನಳಿಕೆಯ ತುದಿಯಲ್ಲಿ ಒಂದು ಸಣ್ಣ ಬುಗ್ಗೆಯಿರುತ್ತದೆ. ನಳಿಕೆಯನ್ನು ಕಂಠದ ಮೂಲಕ ಒಳಗೆ ಸೇರಿಸಿ ಬುಗ್ಗೆಗೆ ನೀರು ತುಂಬಿದರೆ, ಅದು ಒಳಗಿನಿಂದ ಕಂಠವನ್ನು ಮೆಲ್ಲಮೆಲ್ಲನೆ ಹಿಗ್ಗಿಸುತ್ತದೆ. ಹೀಗೆ ಹಿಗ್ಗಿಸಿದಾಗ ಆ ಸ್ಥಳದಲ್ಲಿ ಪ್ರಾಸ್ಟಗ್ಲಾಂಡಿನ್ನುಗಳು ತಾವಾಗಿ ಹುಟ್ಟುತ್ತವೆ.

ಈ ಎರಡರಲ್ಲಿ ಯಾವುದು ಮೇಲು ಎಂಬುದನ್ನು ತಿಳಿಯಲು ನಮ್ಮ ದೇಶದ ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ರಕ್ತದ ಒತ್ತಡ ಏರಿದ್ದ 602 ಗರ್ಭಿಣಿಯರಲ್ಲಿ ಅರ್ಧ ಮಂದಿಗೆ 25 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಎರಡು ಗಂಟೆಗೊಮ್ಮೆ ನುಂಗಿಸಿದರು. ಉಳಿದವರಿಗೆ ಫೋಲಿ ನಳಿಕೆಯನ್ನು ಬಳಸಿದರು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಸಹಜ ಮಾರ್ಗದಿಂದ ಹೆರಿಗೆಯಾದವರು ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 57, ನಳಿಕೆಯ ಗುಂಪಿನಲ್ಲಿ ನೂರಕ್ಕೆ 47. ಮಾತ್ರೆಯೇ ಮೇಲೆಂದು ಸಿದ್ಧವಾಯಿತು. ಆದರೆ ಈ ಅಂಕಿಗಳನ್ನು ಇನ್ನೊಂದು ಬಗೆಯಿಂದಲೂ ಓದಬೇಕು. ಒಳ್ಳೆಯ ಉಪಾಯವನ್ನು ಎಚ್ಚರದಿಂದ ಬಳಸಿದಾಗಲೂ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಗೆ ಒಂದು ದಿನದೊಳಗೆ ಸಹಜ ಹೆರಿಗೆಯಾಗಲಿಲ್ಲ. ಕೆಲವರಿಗೆ ಹೆಚ್ಚು ಕಾಲ ಬೇಕಾಯಿತು. ಕೆಲವರಿಗೆ ಶಸ್ತ್ರಕ್ರಿಯೆ ಬೇಕಾಯಿತು. ನಿಧಾನವೆಂಬುದು ಇಲ್ಲಿ ಅಪರೂಪದ ದೌರ್ಬಲ್ಯವಲ್ಲ, ಸಾಮಾನ್ಯವಾದ ಸಂಗತಿ.

ಗಡಿಯಾರದ ಪ್ರಶ್ನೆ

ಹಾಗಾದರೆ ಪ್ರಯತ್ನ ಸೋತಿತೆಂದು ಯಾವಾಗ ಹೇಳಬೇಕು? 1950ರ ದಶಕದ ನಡುವಿನಲ್ಲಿ ಅಮೆರಿಕದ ಇಮ್ಯಾನ್ಯುಯಲ್ ಫ್ರೀಡ್‌ಮನ್ ಗರ್ಭಕಂಠವು ಗಂಟೆಗಂಟೆಗೆ ಎಷ್ಟು ತೆರೆಯುತ್ತದೆಂಬುದನ್ನು ರೇಖಾಚಿತ್ರದಲ್ಲಿ ಗುರುತಿಸಿದನು. ಹೆರಿಗೆಗೆ ಎರಡು ಘಟ್ಟಗಳಿರುವುದು ಅದರಿಂದ ಸ್ಪಷ್ಟವಾಯಿತು: ಮೊದಲು ಬಹು ನಿಧಾನವಾದ ಸುಪ್ತ ಘಟ್ಟ, ಆಮೇಲೆ ವೇಗವಾದ ಸಕ್ರಿಯ ಘಟ್ಟ. ಕಂಠ ಸುಮಾರು 4 ಸೆಂಟಿಮೀಟರು ತೆರೆದಾಗ ವೇಗ ಬರುತ್ತದೆಂದು ಬಹುಕಾಲ ನಂಬಿದ್ದರು. 2010ರಲ್ಲಿ ಪ್ರಕಟವಾದ, 62,000ಕ್ಕೂ ಹೆಚ್ಚು ಅಮೆರಿಕನ್ ಹೆರಿಗೆಗಳ ಅಧ್ಯಯನವೊಂದು ಈ ನಂಬಿಕೆಯನ್ನು ಸಡಿಲಿಸಿತು. ಅನೇಕ ತಾಯಂದಿರಲ್ಲಿ ಕಂಠವು 6 ಸೆಂಟಿಮೀಟರು ತೆರೆಯುವವರೆಗೆ ಮಂದಗತಿಯೇ ಇದ್ದು, ಆಮೇಲೆ ಸಹಜವಾಗಿ ಹೆರಿಗೆಯಾಗುತ್ತಿತ್ತು.

ಎಂದರೆ, ಸುಪ್ತ ಘಟ್ಟದಲ್ಲಿಯೇ ಇರುವವಳನ್ನು ನೋಡಿ “ಔಷಧ ಫಲಿಸಲಿಲ್ಲ” ಎಂದು ಹೇಳಿದ ಸಂದರ್ಭಗಳು ಹಿಂದೆ ಇಲ್ಲದಿರಲಿಲ್ಲ. ಇದನ್ನು ಮನಗಂಡು 2014ರಲ್ಲಿ ಅಮೆರಿಕದ ಪ್ರಸೂತಿತಜ್ಞರ ಸಂಸ್ಥೆಗಳು ಹೊಸ ಸಲಹೆಯನ್ನು ಕೊಟ್ಟವು. ತಾಯಿಯೂ ಶಿಶುವೂ ಕ್ಷೇಮವಾಗಿದ್ದರೆ ಸುಪ್ತ ಘಟ್ಟಕ್ಕೆ 24 ಗಂಟೆ ಅಥವಾ ಅದಕ್ಕೂ ಹೆಚ್ಚು ಅವಕಾಶ ಕೊಡಬಹುದು. ನೀರಿನ ಚೀಲ ಒಡೆದ ಮೇಲೆ ಕನಿಷ್ಠ 12ರಿಂದ 18 ಗಂಟೆಗಳ ಕಾಲ ಆಕ್ಸಿಟೋಸಿನ್ ಕೊಟ್ಟು ನೋಡಿದ ನಂತರವೇ ಪ್ರಯತ್ನ ಸೋತಿತೆನ್ನಬೇಕು. ನೋವು ಚೆನ್ನಾಗಿ ಬಂದು, ಕಂಠವೂ ಸಾಕಷ್ಟು ತೆರೆದು, ಶಿಶುವಿನ ತಲೆ ದೊಡ್ಡದಾದುದರಿಂದಲೋ ಓರೆಯಾಗಿ ತಿರುಗಿದುದರಿಂದಲೋ ಹೆರಿಗೆ ನಿಂತುಹೋಗುವುದು ಬೇರೆಯೇ ಸಂಗತಿ. ಅದನ್ನು ನೋವು ಬರಿಸುವ ಪ್ರಯತ್ನದ ಸೋಲೆನ್ನಲಾಗದು.

ನೋವು ಬರಿಸಿದುದರಿಂದಲೇ ಶಸ್ತ್ರಕ್ರಿಯೆ ಹೆಚ್ಚುತ್ತದೆಂಬ ಮಾತೂ ಜನರಲ್ಲಿದೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಯಾವ ತೊಂದರೆಯೂ ಇಲ್ಲದ 6,106 ಚೊಚ್ಚಲ ಗರ್ಭಿಣಿಯರಲ್ಲಿ ಒಂದು ಗುಂಪಿಗೆ 39ನೆಯ ವಾರದಲ್ಲಿ ನೋವು ಬರಿಸಿದರು. ಇನ್ನೊಂದು ಗುಂಪಿನಲ್ಲಿ ಕಾದರು. ಸಿಸೇರಿಯನ್ ಬೇಕಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 18.6, ಕಾದ ಗುಂಪಿನಲ್ಲಿ ನೂರಕ್ಕೆ 22.2. ತಾಳ್ಮೆಯಿಂದ, ಕ್ರಮವರಿತು ಮಾಡಿದರೆ ನೋವು ಬರಿಸುವುದೇ ದೋಷವಲ್ಲವೆಂದು ಇದರಿಂದ ತಿಳಿಯುತ್ತದೆ.

ಔಷಧವನ್ನು ಇನ್ನಷ್ಟು ಹೆಚ್ಚಿಸಬಾರದೆ?

ಜಾಣನಾದ ವಿದ್ಯಾರ್ಥಿಯು ಇಲ್ಲಿ ಪ್ರಶ್ನಿಸಬಹುದು: ಸ್ವಲ್ಪ ಔಷಧ ಸಾಲದಿದ್ದರೆ ಹೆಚ್ಚು ಕೊಡಬಾರದೇಕೆ? ಗರ್ಭಕೋಶ ಹಿಂಡಿದಾಗಲೆಲ್ಲ ಮಾಸಿಗೆ ಹೋಗುವ ರಕ್ತನಾಳಗಳೂ ಅದುಮಿಕೊಳ್ಳುತ್ತವೆ. ಆಗ ಶಿಶುವಿಗೆ ಆಮ್ಲಜನಕದ ಪೂರೈಕೆ ಕುಗ್ಗುತ್ತದೆ. ಎರಡು ಬೇನೆಗಳ ನಡುವಿನ ಬಿಡುವಿನಲ್ಲಿ ಶಿಶು ಚೇತರಿಸಿಕೊಳ್ಳುತ್ತದೆ. ಹತ್ತು ನಿಮಿಷಗಳಲ್ಲಿ ಐದಕ್ಕಿಂತ ಹೆಚ್ಚು ಬೇನೆಗಳು ಬರತೊಡಗಿದರೆ ಆ ಬಿಡುವು ಉಳಿಯದು. ಶಿಶುವಿನ ಹೃದಯದ ಬಡಿತ ಕುಗ್ಗಬಹುದು. ತೆರೆಯದ ಬಾಗಿಲಿಗೆ ಮಿತಿಮೀರಿ ಒತ್ತಿದರೆ ಗೋಡೆ ಬಿರಿಯುವಂತೆ ಗರ್ಭಕೋಶವೇ ಬಿರಿಯುವ ಭಯವೂ ಉಂಟು. ಹಿಂದೆ ಸಿಸೇರಿಯನ್ ಆದವರಲ್ಲಿ ಈ ಭಯ ಹೆಚ್ಚು. ಆದುದರಿಂದಲೇ ಆಸ್ಪತ್ರೆಯಲ್ಲಿ ಔಷಧವನ್ನು ಹನಿಗಳ ಲೆಕ್ಕದಲ್ಲಿ ಏರಿಸುತ್ತ, ಶಿಶುವಿನ ಎದೆಬಡಿತವನ್ನು ಮತ್ತೆಮತ್ತೆ ಕೇಳುತ್ತಾರೆ. ಮನೆಯಲ್ಲಿ, ನೋಡಿಕೊಳ್ಳುವವರಿಲ್ಲದೆ, ನೋವು ಹೆಚ್ಚಲೆಂದು ಇದೇ ಔಷಧವನ್ನು ಚುಚ್ಚಿಸುವುದು ಎಷ್ಟು ಘೋರವಾದ ತಪ್ಪೆಂಬುದು ಇದರಿಂದ ವೇದ್ಯವಾಗುತ್ತದೆ.

ದಿನವನ್ನು ಗೊತ್ತುಮಾಡುವವರು ಯಾರು?

ಹಾಗಾದರೆ ಸಿದ್ಧತೆಯೆಲ್ಲವನ್ನೂ ಆರಂಭಿಸುವ ಮೊದಲ ಕರೆ ಎಲ್ಲಿಂದ ಬರುತ್ತದೆ? 1960ರ ದಶಕದಲ್ಲಿ ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಕುರಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಹೊಟ್ಟೆಯಲ್ಲಿರುವ ಮರಿಯ ಪಿಟ್ಯುಟರಿ ಗ್ರಂಥಿಯನ್ನು ನಾಶಮಾಡಿದರೆ ಹೆರಿಗೆ ದಿನ ಮೀರಿದರೂ ಆಗುವುದಿಲ್ಲವೆಂದು ತೋರಿಸಿದನು. ಮರಿಗೆ ಕಾರ್ಟಿಸಾಲ್ ಹಾರ್ಮೋನು ಕೊಟ್ಟರೆ ಅವಧಿಗೆ ಮುನ್ನವೇ ಹೆರಿಗೆಯಾಯಿತು. ಕುರಿಯಲ್ಲಿ ಹುಟ್ಟುವ ಗಳಿಗೆಯನ್ನು ನಿರ್ಧರಿಸುವುದು ತಾಯಿಯಲ್ಲ, ಮರಿ! ಗರ್ಭವನ್ನು ಶಾಂತವಾಗಿಟ್ಟಿರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಆಗ ರಕ್ತದಲ್ಲಿ ಥಟ್ಟನೆ ಇಳಿಯುತ್ತದೆ. ಮನುಷ್ಯರ ಮಟ್ಟಿಗೆ ವಿಷಯ ಇಷ್ಟು ಸರಳವಲ್ಲ. ನಮ್ಮಲ್ಲಿ ಹೆರಿಗೆಗೆ ಮುನ್ನ ಪ್ರೊಜೆಸ್ಟರಾನ್ ರಕ್ತದಲ್ಲಿ ಇಳಿಯುವುದಿಲ್ಲ; ಅದರ ಆಜ್ಞೆಯನ್ನು ಗರ್ಭಕೋಶವೇ ಕ್ರಮೇಣ ಕೇಳದಂತಾಗುತ್ತದೆ. ತಾಯಿ, ಶಿಶು, ಮಾಸು ಈ ಮೂವರ ನಡುವೆ ನಡೆಯುವ ಆ ಸಂಭಾಷಣೆಯನ್ನು ವಿಜ್ಞಾನ ಇನ್ನೂ ಪೂರ್ತಿಯಾಗಿ ಆಲಿಸಿಲ್ಲ. ಮೊದಲ ಕರೆಯ ಗುಟ್ಟು ತಿಳಿದ ದಿನ, ನಾವು ಇಂದಿನಂತೆ ಕೊನೆಯ ಸಂಕೇತಗಳನ್ನಷ್ಟೇ ಅನುಕರಿಸದೆ, ಸಿದ್ಧತೆಯನ್ನೇ ಮೊದಲಿನಿಂದ ಆರಂಭಿಸಲು ಸಮರ್ಥರಾಗಬಹುದು.

ಪಡಸಾಲೆಯಲ್ಲಿ ಕುಳಿತವರ ಮಾತಿಗೆ ಈಗ ಉತ್ತರ ಹೇಳಬಹುದು. ಔಷಧ ಕೆಟ್ಟುದಾಗಿರಲಿಲ್ಲ, ಅದನ್ನು ಕೇಳಿಸಿಕೊಳ್ಳುವ ಗ್ರಾಹಕಗಳು ಇನ್ನೂ ಸಾಲದಾಗಿದ್ದಿರಬಹುದು. ವೈದ್ಯರಿಗೆ ಅವಸರವಾಯಿತೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದು ನ್ಯಾಯವೇ ಸರಿ. ಅದಕ್ಕೆ ಉತ್ತರವು ಗಂಟೆಗಳ ಲೆಕ್ಕದಲ್ಲಿಯೂ ತಾಯಿ ಮತ್ತು ಶಿಶುಗಳ ಆಗಿನ ಸ್ಥಿತಿಯಲ್ಲಿಯೂ ದೊರೆಯುತ್ತದೆ. ಇನ್ನು ಹುಡುಗಿಗೆ ಕಸುವಿಲ್ಲವೆಂಬ ಮಾತು. ಒಂಬತ್ತು ತಿಂಗಳು ಶಿಶುವನ್ನು ಭದ್ರವಾಗಿ ಕಾಪಾಡಿದ ಗರ್ಭಕಂಠವು, ಕಾಯುವ ಕೆಲಸವನ್ನು ಇನ್ನೂ ಕೆಲವು ದಿನ ಮುಂದುವರಿಸಬೇಕೆಂದೇ ತಿಳಿದಿತ್ತು. ಅದನ್ನು ದೌರ್ಬಲ್ಯವೆಂದು ಕರೆಯಲು ಶರೀರಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ.